ಆಗಲಿಯಪ್ಪನ ಬಲಗೈ

ಯಾರು ಏನು ಕೇಳಿದರೂ "ಆಗಲಿ" ಎಂದುಬಿಡುವ ಗುಮಾಸ್ತನಿಗೆ ಅವನಿದ್ದ ಕಟ್ಟಡದವರೆಲ್ಲ ಸೇರಿ ಆಗಲಿಯಪ್ಪ ಎಂದೇ ಹೆಸರಿಟ್ಟಿದ್ದರು. ಆ ಒಂದು ಮಾತೇ ಅವನ ಬಲಭುಜ ಕೆಡಿಸಿದ್ದು. ಕಟ್ಟಡದ ಸಂಘದ ಕಾರ್ಯದರ್ಶಿ, "ಮೆಟ್ಟಿಲ ಹತ್ರ ಬಲ್ಬ್ ಹೋಗಿದೆ, ಸ್ವಲ್ಪ ಬದಲಾಯಿಸ್ತೀರಾ?" ಎಂದರು. ಇವನು ಆಗಲಿ ಎಂದ. ಅವರು ಕೊಟ್ಟ ಕುಂಟು ಸ್ಟೂಲು ಮಾತ್ರ ಆಗಲಿ ಎನ್ನಲಿಲ್ಲ.

ವಾರಗಟ್ಟಲೆ ಕೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಓಡಾಡಿದ್ದಾಯಿತು. ಇವತ್ತು ಬೆಳಿಗ್ಗೆ ಪಟ್ಟಿ ಬಿಚ್ಚಿದ ಡಾಕ್ಟರಮ್ಮ ಗದರಿಸಿ ಹೇಳಿದರು: "ಗಂಟೆಗೊಂದು ಸಲ ಕೈನ ತಲೆ ಮೇಲಕ್ಕೆ ಎತ್ತಬೇಕು. ಎಲ್ಲಿದ್ರೂ ಸರಿ. ಇಲ್ದಿದ್ರೆ ಭುಜ ಹಿಡ್ಕೊಂಡು ಹಾಗೇ ಕೂತ್ಬಿಡುತ್ತೆ."

ಹೆಂಡತಿಯದು ಬೇರೆಯೇ ಅಪ್ಪಣೆ. "ಸಂಜೆ ಸಂಘದ ಸಭೆ. ಹೊಸ ಕಾರ್ಯದರ್ಶೀನ ಹುಡುಕ್ತಿದಾರೆ. ಪಂಪು, ಟ್ಯಾಂಕು, ಊರವರ ಜಗಳ ಎಲ್ಲ ನಿಮ್ಮ ತಲೆಗೆ ಕಟ್ತಾರೆ. ಒಪ್ಕೊಂಡು ಬಂದ್ರೆ ನಾನು ಅಕ್ಕನ ಮನೆಗೆ ಹೊರಟೆ. ಶರ್ಟಿನ ಗುಂಡಿ ನೀವೇ ಹಾಕ್ಕೊಳ್ಳಿ!"

"ಬಾಯೇ ಬಿಡಲ್ಲ ಕಣೇ, ನಿನ್ನಾಣೆ!"

ಒಂದೇ ಕೈಯಲ್ಲಿ ಗುಂಡಿ ಹಾಕುವ ಪಾಡು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೀದಿಯಲ್ಲಿ ಮೊದಲ ಸಲ ಕೈ ಎತ್ತಿದ. ಟ್ಯಾಕ್ಸಿಯೊಂದು ಕಿರ್ರೆಂದು ಪಕ್ಕದಲ್ಲೇ ನಿಂತಿತು. "ಇಲ್ಲಪ್ಪ, ವ್ಯಾಯಾಮ" ಎಂದಾಗ ಚಾಲಕ ಆಡಿದ ಮಾತು ಇಲ್ಲಿ ಬೇಡ. ಕಚೇರಿಯ ಕಿಟಕಿಯ ಬಳಿ ಎತ್ತಿದ. ಎದುರು ಕಟ್ಟಡದ ಹಲ್ಲಿನ ಡಾಕ್ಟರು ಹಲ್ಲು ಕಿರಿದು ಟಾಟಾ ಮಾಡಿದರು. ಇವನು ಕೈ ಇಳಿಸುವವರೆಗೂ ಮಾಡುತ್ತಲೇ ಇದ್ದರು. ಅವರ ರೋಗಿ ಪಾಪ, ಅಲ್ಲಿಯವರೆಗೂ ಬಾಯಿ ತೆರೆದುಕೊಂಡೇ ಕೂತಿದ್ದ.

ಸಂಜೆ ಸಭೆಯಲ್ಲಿ ಆಗಲಿಯಪ್ಪ ಹಿಂದಿನ ಸಾಲು ಹಿಡಿದು ತುಟಿ ಬಿಗಿದು ಕೂತ. "ಕಾರ್ಯದರ್ಶಿ ಆಗೋಕೆ ಯಾರು ಮುಂದೆ ಬರ್ತೀರಾ?" ಎಂಬ ಪ್ರಶ್ನೆಗೆ ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು. ಆಗಲೇ ಅವನ ಕೈಗಡಿಯಾರ ಗಂಟೆಯಾಯಿತೆಂದು ಕೂಗಿತು. ಅಭ್ಯಾಸಬಲದಿಂದ ಕೈ ಮೇಲೆದ್ದಿತು.

ಚಪ್ಪಾಳೆ ಸಿಡಿಯಿತು.

"ಅಯ್ಯೋ, ಇದು ವ್ಯಾಯಾಮ ರೀ! ನಂಗೆ ಬೇಡ!"

"ಎಷ್ಟು ಸಂಕೋಚ ನೋಡಿ!" ಎಂದು ಮೇಲಿನ ಮನೆಯ ಅಜ್ಜಿ ಕಣ್ಣೊರೆಸಿಕೊಂಡರು.

"ನಿಯಮ ಅಂದ್ರೆ ನಿಯಮ," ಎಂದರು ಹಳೆಯ ಕಾರ್ಯದರ್ಶಿ. "ಬಾಯಿಮಾತು ನಡಿಯಲ್ಲ. ವಿರೋಧ ಇರೋರು ಕೈ ಎತ್ತಿ."

ಆಗಲಿಯಪ್ಪ ಹಲ್ಲು ಕಚ್ಚಿ ಎತ್ತಲು ನೋಡಿದ. ಬೆಳಗಿನಿಂದ ದುಡಿದು ಸೋತಿದ್ದ ಬಲಗೈ ಒದ್ದೆ ಟವೆಲಿನಂತೆ ಜೋತುಬಿದ್ದಿತ್ತು. ಎಡಗೈಯನ್ನು ಮೇಲಿನ ಮನೆಯ ಅಜ್ಜ ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಅಭಿನಂದನೆ ಎನ್ನುತ್ತ ಕುಲುಕುತ್ತಿದ್ದರು. ಬಿಡಿಸಿಕೊಳ್ಳಲು ಹೋದಷ್ಟೂ ಬಿಗಿಯಾಗಿ ಹಿಡಿದರು.

"ಯಾರ ವಿರೋಧವೂ ಇಲ್ಲ!"

ಹಳೆಯ ಕಾರ್ಯದರ್ಶಿ ಜೈಲಿನಿಂದ ಬಿಡುಗಡೆಯಾದವರಂತೆ ನಗುತ್ತ ಬೀಗದ ಕೈ ಗೊಂಚಲು ಒಪ್ಪಿಸಿದರು. ಜೊತೆಗೆ ಅದೇ ಕುಂಟು ಸ್ಟೂಲು. "ಮೆಟ್ಟಿಲ ಬಲ್ಬ್ ನೀವು ಬಿದ್ದಾಗಿಂದ ಹಾಗೇ ಇದೆ. ಮೊದಲು ಅದನ್ನ ನೋಡಿಬಿಡಿ."

ಕತ್ತಲ ಮೆಟ್ಟಿಲು ತಡವರಿಸುತ್ತ ಮೇಲೆ ಬಂದರೆ ಬಾಗಿಲಲ್ಲಿ ಹೆಂಡತಿ.

"ಬಾಯಿ ಬಿಟ್ರಾ?"

"ಇಲ್ಲ ಕಣೇ, ಬಾಯಿ ಮುಚ್ಕೊಂಡೇ ಇದ್ದೆ..."

ಅವಳು ಸ್ಟೂಲು ನೋಡಿದಳು. ನೇರ ಒಳಗೆ ಹೋಗಿ ಪೆಟ್ಟಿಗೆಗೆ ಸೀರೆ ತುಂಬತೊಡಗಿದಳು.

ಆ ರಾತ್ರಿ ಆಗಲಿಯಪ್ಪ ಶರ್ಟು ಬಿಚ್ಚದೆಯೇ ಮಲಗಿದ.