ರಸ್ತೆ ಓದುವವರು

"ಇನ್ನ ನನಗ ರಸ್ತಾ ಯಾರು ಓದಿ ಹೇಳತಾರ?"

ಗೋಪನಕೊಪ್ಪದ ಮನೆಯ ಪಡಸಾಲೆಯಲ್ಲಿ ಮೊಬೈಲು ಹಿಡಿದು ನಿಂತಿದ್ದ ಪ್ರಸಾದ ಈ ಮಾತನ್ನು ಯಾರನ್ನೂ ಕೇಳಿರಲಿಲ್ಲ. ಎದುರಿಗಿದ್ದದ್ದು ಬರೀ ಗೋಡೆ. ಗೆಳೆಯ ರೋಹಿತನ ಸಂದೇಶ ಈಗಷ್ಟೇ ಬಂದಿತ್ತು: ಗದಗಿನಲ್ಲಿ ಹೆಣ್ಣು ನೋಡುವುದು ನಿಗದಿಯಾಗಿದೆ, ಇವತ್ತು ಬರಲಾಗುವುದಿಲ್ಲ.

"ದುರ್ಗದಬೈಲಿಗೆ ಹೋಗೂ ರಸ್ತಾ ನಿಮಗ ಓದಿ ಹೇಳಬೇಕೇನ್ರಿ?" ಅಡಿಗೆಮನೆಯಿಂದ ಹೆಂಡತಿ ಉಮಾಶ್ರೀ ಕೇಳಿದಳು.

ಪ್ರಸಾದ ಹನ್ನೆರಡು ವರ್ಷಗಳಿಂದ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂಡಿಸುತ್ತಿದ್ದ. ಅವನ ಸ್ಕೂಟರು ನಲವತ್ತರ ಮೇಲೆ ಹೋದದ್ದನ್ನು ಯಾರೂ ಕಂಡಿಲ್ಲ. ಆದರೆ ಪ್ರತಿ ಭಾನುವಾರ ಮಧ್ಯಾಹ್ನ ದುರ್ಗದಬೈಲಿನಲ್ಲಿ ವಿಡಿಯೋ ಗೇಮು ಆಡಿಸುವ ಮುಜಾಫರನ ಮಹಡಿಯ ಮೇಲೆ, ಮೂರು ಪರದೆಗಳ ಮುಂದೆ, ಮೇಜಿಗೆ ಬಿಗಿದ ಸ್ಟೇರಿಂಗ್ ಹಿಡಿದು ಅವನು ಕಾಡುದಾರಿಯಲ್ಲಿ ರ‍್ಯಾಲಿ ಕಾರು ಓಡಿಸುತ್ತಿದ್ದ. ಬೇರೆ ಆಟಗಳಲ್ಲಿ ಕಾರು ಗೋಡೆಗೆ ಬಡಿದರೆ ಚೆಂಡಿನಂತೆ ಪುಟಿದು ಮತ್ತೆ ಓಡುತ್ತದೆ. ಇದರಲ್ಲಿ ಕಲ್ಲಿಗೆ ತಾಗಿದರೆ ಗಾಲಿ ಸೊಟ್ಟಗಾಗುತ್ತದೆ. ಉಳಿದ ದಾರಿಯನ್ನೆಲ್ಲ ಆ ಸೊಟ್ಟ ಗಾಲಿಯಲ್ಲೇ ಹೋಗಬೇಕು. ಗರಸು, ಕೆಸರು, ಡಾಂಬರು ಒಂದೊಂದೂ ಕೈಯೊಳಗೆ ಬೇರೆಬೇರೆಯಾಗಿ ನಡುಗುತ್ತವೆ. ಪಕ್ಕದಲ್ಲಿ ಪೈಪೋಟಿಗೆ ಯಾರೂ ಇಲ್ಲ. ದಾರಿ, ಗಡಿಯಾರ, ತಾನು. ಹಿಂದಿನದನ್ನು ಮರೆತು, ಮುಂದಿನದನ್ನು ಬಯಸದೆ, ಈಗಿನ ತಿರುವಿನಲ್ಲಿ ಮಾತ್ರ ಮನಸ್ಸಿಟ್ಟರೆ ಸಾಕು. ಇಂಥ ಏಕಾಗ್ರತೆ ಅವನಿಗೆ ದೇವರ ಮುಂದೆ ಕೂತಾಗಲೂ ಒದಗಿರಲಿಲ್ಲ.

ಆದರೆ ದಾರಿ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಒಬ್ಬರು ಕೂತು, ಮುಂದೆ ಬರುವ ತಿರುವುಗಳನ್ನು ನೋಟ್‌ಬುಕ್ಕಿನಿಂದ ಓದಿ ಹೇಳಬೇಕು. ಒಂದು ಎಂದರೆ ಬಲು ಕಡಿದಾದ ತಿರುವು, ಆರು ಎಂದರೆ ಹೆಚ್ಚುಕಡಿಮೆ ನೇರ. ಯಂತ್ರದಲ್ಲೇ ಓದುವ ಧ್ವನಿಯೊಂದಿತ್ತು. ಮುಜಾಫರ ಅದರ ಬಾಯಿ ಮುಚ್ಚಿಸಿದ್ದ. "ಒಬ್ಬ ಓಡಸಬೇಕು, ಒಬ್ಬ ಓದಬೇಕು. ಆವಾಗ ಮಜಾ" ಎನ್ನುತ್ತಿದ್ದ. ಇಷ್ಟು ದಿನ ಪ್ರಸಾದನಿಗೆ ಓದುತ್ತಿದ್ದವನು ರೋಹಿತ. ದಾರಿ ಮುಗಿಸಿದವರ ಹೆಸರು ಅವನ ಕರಿಹಲಗೆಯ ಮೇಲೆ ಏರುತ್ತಿತ್ತು. ಮೂರು ಭಾನುವಾರ ಕಳೆದರೂ ಪ್ರಸಾದನ ಹೆಸರು ಏರಿರಲಿಲ್ಲ. ಒಬ್ಬರಿಗೆ ನಾಲ್ಕೇ ಭಾನುವಾರ ಎಂಬುದು ಮುಜಾಫರನ ರೂಲು; ಇವತ್ತು ನಾಲ್ಕನೆಯದು. ಇವತ್ತೂ ಮುಗಿಸದಿದ್ದರೆ ಕುರ್ಚಿ ಬಸವಕಿರಣನಿಗೆ. ಅವನು ತಿಂಗಳಿಂದ ಪಾಳಿ ಹಚ್ಚಿ ಕಾಯುತ್ತಿದ್ದ.

"ಓದೂದಷ್ಟ ಅಲ್ಲ? ನಮ್ಮಪ್ಪನ್ನ ಕರಕೊಂಡು ಹೋಗ್ರಿ" ಎಂದು ಉಮಾಶ್ರೀ ನಕ್ಕಳು.

ಅವಳು ಚೇಷ್ಟೆಗೆ ಅಂದದ್ದು. ಪ್ರಸಾದನಿಗೆ ಬೇರೆ ದಾರಿಯಿರಲಿಲ್ಲ. ಮಾವ ಮಹಾಂತಯ್ಯನವರು ಅಮ್ಮಿನಬಾವಿಯ ಮಠದಲ್ಲಿ ನಲವತ್ತು ವರ್ಷ ಪುರಾಣ ಓದಿದವರು. ಅತ್ತೆ ಶರಣವ್ವನಿಗೆ ಕನ್ನಡಕ ಮಾಡಿಸಲೆಂದು ನಿನ್ನೆಯಷ್ಟೇ ಬಂದಿದ್ದರು. ಅಳಿಯ ಕೊಟ್ಟ ಇನ್ನೂರು ಪುಟದ ನೋಟ್‌ಬುಕ್ಕನ್ನು ಅವರು ಮೊದಲು ಕಣ್ಣಿಗೊತ್ತಿಕೊಂಡರು.

"ಯಾವ ಪುರಾಣ ಇದು?"

"ರಸ್ತಾದ್ದರಿ, ಮಾವಾರ."

"ಬರದವರು ಯಾರು?"

"ನಾನ ರಿ. ಇಂಗ್ಲಿಷಿನ್ಯಾಗ ಇತ್ತು, ಕನ್ನಡಕ್ಕ ಇಳಿಸೇನಿ. ಇಪ್ಪತ್ತೇಳು ಪುಟ."

ಮದುವೆಯಾಗಿ ಎಂಟು ವರ್ಷಗಳಾದ ಮೇಲೆ ಮಹಾಂತಯ್ಯನವರು ಅಳಿಯನನ್ನು ಮೊದಲ ಸಲ ಗೌರವದಿಂದ ನೋಡಿದರು.

ಮುಜಾಫರನ ಮಹಡಿಗೆ ಇಕ್ಕಟ್ಟಿನ ಮೆಟ್ಟಿಲು. ಜತೆಗೆ ಬಂದಿದ್ದ ಮೊಣಕಾಲು ನೋವಿನ ಶರಣವ್ವ ಕೆಳಗೆ ಅಂಗಡಿಯ ಸ್ಟೂಲಿನ ಮೇಲೆ ಕೂತರು. ಮೇಲೆ ಮೂಲೆಯ ಕುರ್ಚಿಯಲ್ಲಿ ಮುಜಾಫರನ ತಂದೆ ಅಬ್ದುಲಮಜೀದ ಕೂತಿದ್ದರು. ಆಯುಷ್ಯವೆಲ್ಲ ಕಾರು ರಿಪೇರಿ ಮಾಡಿದ ಮುದುಕರು. ಪರದೆಯ ಕಾರಿಗೂ ನೋವಾಗುತ್ತದೆಂದೇ ತಿಳಿದಿದ್ದರು.

"ಮೂರ ಛಾನ್ಸ್ ಪ್ರಸಾದಭಾಯಿ" ಎಂದು ಮುಜಾಫರ ಗುಂಡಿ ಒತ್ತಿದ.

ಮಹಾಂತಯ್ಯನವರು ಗಂಟಲು ಸರಿಪಡಿಸಿಕೊಂಡು ಮೊದಲ ಸಾಲು ಎತ್ತಿದರು. "ಎಡಕ್ಕ ನಾಕೂ... ಬಲಕ್ಕ ಮೂರೂ..." ಅದು ಪುರಾಣದ ತೊಟ್ಟಿಲ ಪ್ರಸಂಗದ ನಿಧಾನ ಧಾಟಿ. ಮೂರು ಎಂಬ ಮಾತು ರಾಗದಲ್ಲಿ ಮೂರು ಸುತ್ತು ತಿರುಗಿ ಕೆಳಗಿಳಿಯುವಷ್ಟರಲ್ಲಿ ಕಾರು ಆ ತಿರುವು ದಾಟಿ ಆಗಿತ್ತು. ಆಮೇಲೆ ಅವರು ಓದು ನಿಲ್ಲಿಸಿಯೇಬಿಟ್ಟರು.

"ಮುಂದಿಂದು ಹೇಳ್ರಿ ಮಾವಾರ."

ಮಾವನವರು ಏನನ್ನೋ ಕಾಯುವವರಂತೆ ಅಳಿಯನ ಮುಖ ನೋಡಿದರು. ಕಾರು ಕಮರಿಗೆ ಇಳಿಯಿತು, ಸಂತೆಯಲ್ಲಿ ಕೈಜಾರಿದ ಕುಂಬಳಕಾಯಿಯಂತೆ ಉರುಳುತ್ತ.

"ಯಾಕ ನಿಲ್ಲಿಸಿದ್ರಿ?"

"ಯಾರೂ ಹೂಂ ಅನ್ನಲಿಲ್ಲಲ್ಲೋ. ಕೇಳೋರು ಹೂಂ ಅಂದ ಮ್ಯಾಲ ಮುಂದಿನ ಸಾಲು. ಹೂಂ ಇಲ್ಲಂದ್ರ ಗ್ವಾಡಿಗೆ ಓದಿದಂಗ."

ಹೂಂ ಅನ್ನಲು ಪ್ರಸಾದನಿಗೆ ಬಾಯಿ ಬಿಡುವಿರಲಿಲ್ಲ. ಹಲ್ಲು ಕಚ್ಚಿಯೇ ಓಡಿಸುವ ಅಭ್ಯಾಸ. ಮುಜಾಫರ ಕೆಳಗೋಡಿ ಶರಣವ್ವನನ್ನು ಕೈಹಿಡಿದು ಮೇಲೆ ತಂದ. ಗಂಡನ ಪುರಾಣಕ್ಕೆ ನಲವತ್ತು ವರ್ಷ ಹೂಂಗುಟ್ಟಿದವರು ಅವರೇ.

"ಅಜ್ಜಾರ, ಜರಾ ಲಗೂ ಓದ್ರಿ" ಎಂದ ಮುಜಾಫರ.

"ಲಗೂ ಬೇಕಂದ್ರ ಯುದ್ಧದ ಧಾಟಿ ಹಿಡೀಬೇಕು. ಮೊದಲ ಹೇಳಬಾರದ?"

ಯುದ್ಧದ ಧಾಟಿಯಲ್ಲಿ ಮಹಾಂತಯ್ಯನವರು ಬೇರೆಯೇ ಮನುಷ್ಯರು. "ಎಡಕ್ಕ ನಾಕು ಬಲಕ್ಕ ಮೂರು ದಿಬ್ಬದ ಮ್ಯಾಲ ಹಾರು ಹಾರು." "ಹೂಂ." "ಬಲಕ್ಕ ಎರಡು ಕಲ್ಲು ಐತಿ ಒಳಗ ಸರೀಬ್ಯಾಡ." "ಹೂಂ." ಪ್ರಸಾದನ ಕೈಗಳು ತಾವಾಗಿಯೇ ತಿರುಗತೊಡಗಿದವು. ಎಂಟು ಪುಟ ಹೋದವು. ಹಿಂದೆಂದೂ ಕಾಣದ ಕೆರೆಯೊಂದು ಎಡಗಡೆ ಹೊಳೆದು ಮರೆಯಾಯಿತು.

"ಕ್ಲಚ್ ಸುಡಾಕತ್ತೇತಿ, ವಾಸನಿ ಬರ್ತೈತಿ" ಎಂದು ಅಬ್ದುಲಮಜೀದ ಮೂಗು ಮುಚ್ಚಿಕೊಂಡರು.

ಒಂಬತ್ತನೆಯ ಪುಟದಲ್ಲಿ ಹೂಂ ಬರಲಿಲ್ಲ. ಶರಣವ್ವನ ಗದ್ದ ಎದೆಗೆ ಇಳಿದಿತ್ತು. ಓದು ನಿಂತಿತು. ಕಾರು ದೇವದಾರು ಮರವೊಂದನ್ನು ಹಳೆಯ ನೆಂಟನಂತೆ ಅಪ್ಪಿಕೊಂಡಿತು.

"ಅತ್ತೆಮ್ಮಾರ, ಮಲಗಿದ್ರೇನ್ರಿ?"

"ಇಲ್ಲಪ್ಪ, ಕೇಳಾಕತ್ತಿದ್ನಿ. ಯಾರು ಗೆದ್ರು?"

ಕೊನೆಯ ಅವಕಾಶಕ್ಕೆ ಗುಂಡಿ ಒತ್ತುವಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಕಿಟಕಿ ತೆರೆದಿತ್ತು. ಮೈಕಿಲ್ಲದೆ ಮಠ ತುಂಬಿಸುತ್ತಿದ್ದ ಕಂಠ ದುರ್ಗದಬೈಲಿನ ಗದ್ದಲವನ್ನೂ ದಾಟಿ ಹೋಗಿತ್ತು. ಬಳೆ ಅಂಗಡಿಯ ಕಾಶೀಬಾಯಿ ಚಪ್ಪಲಿ ಕಳಚಿಟ್ಟು ಒಳಗೆ ಬಂದು, ತಲೆಯ ಮೇಲೆ ಸೆರಗೆಳೆದುಕೊಂಡು ಕೂತರು. ಹಿಂದೆ ದರ್ಜಿಗಳು, ಹೂವಿನವರು, ಚಹಾದವರು. ಪಾಳಿಯ ಬಸವಕಿರಣನೂ ಬಾಗಿಲ ಬಳಿ ನಿಂತ.

"ಯಾವ ಪ್ರಸಂಗ ನಡದೈತಿ?" ಕಾಶೀಬಾಯಿ ಪಿಸುಗುಟ್ಟಿದರು.

"ಒಬ್ಬಾಂವ ಕಾಡಿನ್ಯಾಗ ಹೊಂಟಾನ, ಮನಿ ಮುಟ್ಟಬೇಕು" ಎಂದರು ಅಬ್ದುಲಮಜೀದ. "ಹೂಂ ಅನ್ರಿ ಅಷ್ಟ."

ಈ ಸಲ ನಲವತ್ತು ಬಾಯಿಗಳು ಹೂಂ ಎಂದವು. ಮಹಾಂತಯ್ಯನವರ ಕಂಠ ಇಪ್ಪತ್ತು ವರ್ಷ ಹಿಂದಕ್ಕೆ ಹೋಯಿತು. ಒಂದೊಂದು ಹೂಂಕಾರಕ್ಕೂ ಪ್ರಸಾದನ ಬೆನ್ನ ಮೇಲೆ ಯಾರೋ ಮೆಲ್ಲನೆ ಕೈಯಿಟ್ಟು ನೂಕಿದಂತಾಗುತ್ತಿತ್ತು. ಹತ್ತು ಪುಟ, ಹದಿನೈದು ಪುಟ. ಇಪ್ಪತ್ತರಲ್ಲಿ ಕಾರು ದಿಬ್ಬದಿಂದ ಹಾರಿ ಕೊಂಬೆಗೆ ಬಡಿಯಿತು; ಮುಂದಿನ ಗಾಜಿನ ತುಂಬ ಜೇಡನ ಬಲೆಯಂಥ ಬಿರುಕು.

"ಗಾಜು ಹೋದ್ರ ಹೋಗಲಿ ಮಗಾ, ಎಂಜಿನ್ ಛಲೋ ಐತಿ" ಎಂದರು ಅಬ್ದುಲಮಜೀದ. ಅವರ ಕಣ್ಣು ತೇವವಾಗಿತ್ತು.

ಇಪ್ಪತ್ತೈದನೆಯ ಪುಟಕ್ಕೆ ಮಂಜು ಇಳಿಯಿತು. ಬಿರುಕಿನ ಆಚೆ ಬರೀ ಬಿಳುಪು. ಪ್ರಸಾದ ಈಗ ಓಡಿಸುತ್ತಿದ್ದದ್ದು ಕಿವಿಯಿಂದ. ಮಾವ ಎಡಕ್ಕೆಂದರೆ ಎಡ, ಬಲಕ್ಕೆಂದರೆ ಬಲ. ಅವನಿಗೆ ಹೆದರಿಕೆಯಾಗಲಿಲ್ಲ. ಮುಜಾಫರ ಸುಣ್ಣದ ಕಡ್ಡಿ ಹಿಡಿದು ಕರಿಹಲಗೆಯ ಹತ್ತಿರ ಹೋಗಿ ನಿಂತ. ಇಪ್ಪತ್ತಾರನೆಯ ಪುಟ ಮುಗಿಯಿತು.

ಮಹಾಂತಯ್ಯನವರು ಹಾಳೆ ತಿರುವಿದರು. ಪುಟವನ್ನು ನೋಡಿದರು. ತಲೆಯೆತ್ತಿ ಜನರನ್ನು ನೋಡಿದರು. ಮೆಟ್ಟಿಲ ತುದಿಯವರೆಗೂ ನೋಡಿದರು. ಆಮೇಲೆ ನೋಟ್‌ಬುಕ್ಕು ಮುಚ್ಚಿ, ಕಣ್ಣಿಗೊತ್ತಿಕೊಂಡು, ಹೆಗಲ ವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡರು.

"ಇವತ್ತಿಗೆ ಇಷ್ಟು ಸಾಕು."

ಪ್ರಸಾದ ಬ್ರೇಕು ಒತ್ತಿದ. ಮಂಜಿನಲ್ಲಿ ಮೂಗು ತೂರಿಸಿ ಕಾರು ಗುರುಗುಟ್ಟುತ್ತ ನಿಂತಿತು. ದಾರಿ ಮುಗಿಸಲು ಆಟದ ಗಡಿಯಾರದಲ್ಲಿ ಇನ್ನು ನಾಲ್ಕು ನಿಮಿಷ ಉಳಿದಿದ್ದವು.

"ಮಾವಾರ, ಇನ್ನೊಂದ ಪುಟ ಐತ್ರಿ. ಮೂರ ತಿರುವು."

"ಗೊತ್ತೈತಿ. ಅದು ಮಂಗಲದ ಪುಟ. ಶುರು ಮಾಡಿದ ದಿನಾನ ಯಾರರ ಮಂಗಲ ಓದತಾರೇನು?"

"ಇದು ಪುರಾಣ ಅಲ್ರಿ."

"ನನಗೂ ಗೊತ್ತೈತೋ ಅದು." ಮಹಾಂತಯ್ಯನವರು ದನಿ ತಗ್ಗಿಸಿದರು. "ಹೋದ ಶ್ರಾವಣದಾಗ ಓದಾಕ ಕುಂತ್ರ ಎದುರಿಗೆ ನಾಕು ಮಂದಿ. ಅದರಾಗ ಒಬ್ಬಾಕಿ ನಿಮ್ಮತ್ತಿ, ಆಕಿನೂ ನಿದ್ದಿ. ಇಲ್ಲಿ ನೋಡು, ಕುಂದ್ರಾಕ ಜಾಗ ಇಲ್ಲ. ಇವತ್ತ ಮುಗಿಸಿಬಿಟ್ರ ಮುಂದಿನ ಐತವಾರ ಇವರು ಯಾಕ ಬರ್ತಾರ?"

"ನಾವು ಬರ್ತೇವ್ರಿ ಅಜ್ಜಾರ. ಆ ಪಾಪದವ ಮನಿ ಮುಟ್ಟಿದ್ದು ಕೇಳಬೇಕಲ್ಲ" ಎಂದರು ಕಾಶೀಬಾಯಿ.

"ಮುಂದಿನ ಐತವಾರ ಈ ಕುರ್ಚಿ ನಂದಲ್ರಿ, ಬಸವಕಿರಣಂದು."

ಎಲ್ಲರೂ ಮುಜಾಫರನತ್ತ ನೋಡಿದರು. ಮುಜಾಫರ ತುಂಬಿದ ಮಹಡಿಯನ್ನು ನೋಡಿ, ಸುಣ್ಣದ ಕಡ್ಡಿಯನ್ನು ಮೆಲ್ಲಗೆ ಕಿಸೆಗೆ ಹಾಕಿಕೊಂಡ. "ರೂಲ್ ಅಂದ್ರ ರೂಲ್, ಭಾಯಿ."

ಬಸವಕಿರಣ ಆಗಲೇ ಮುಂದೆ ಬಂದು ಮಹಾಂತಯ್ಯನವರ ಪಾದ ಮುಟ್ಟಿದ್ದ. ಅವರು ಅವನ ಬೆನ್ನು ತಟ್ಟಿದರು. "ಓಡಸೋರು ಯಾರರ ಆಗಲಿ. ಕೇಳೋರು ಇವರ ಅಲ್ಲ?"

ಮೂರು ನಿಮಿಷ. ತಾನೇ ಬರೆದದ್ದಾದರೂ ಇಪ್ಪತ್ತೇಳು ಪುಟಗಳಲ್ಲಿ ಕೊನೆಯ ಮೂರು ತಿರುವು ಯಾವುವೆಂದು ಪ್ರಸಾದನಿಗೆ ನೆನಪಾಗಲಿಲ್ಲ. ಒಂದು ಪಕ್ಕ ಕಮರಿ ಎಂಬುದು ಮಾತ್ರ ನೆನಪಿತ್ತು, ಯಾವ ಪಕ್ಕ ಎಂಬುದು ಇರಲಿಲ್ಲ. ಮಾವನ ತೊಡೆಯ ಮೇಲಿಂದ ಪುಸ್ತಕ ಕಸಿದುಕೊಳ್ಳುವ ಅಳಿಯ ಅವನಾಗಿರಲಿಲ್ಲ. ಅವನು ಸ್ಟೇರಿಂಗ್ ಬಿಟ್ಟು ಎರಡೂ ಕೈ ಜೋಡಿಸಿದ.

"ಒಂದ ಪುಟ, ಮಾವಾರ. ಮಂದಿಗೆ ಕೇಳೂದು ಬ್ಯಾಡ. ನನ್ನ ಕಿವ್ಯಾಗಷ್ಟ ಓದ್ರಿ."

ಮಹಾಂತಯ್ಯನವರು ಅಳಿಯನ ತಲೆಯ ಮೇಲೆ ಕೈಯಿಟ್ಟರು. ಹೆತ್ತ ಮಗನ ತಲೆ ಸವರುವಷ್ಟು ಅಕ್ಕರೆಯಿಂದ ಸವರಿದರು.

"ಇಲ್ಲಪ್ಪ," ಎಂದರು. "ಓದೂದಿಲ್ಲ."