ಒಂಬತ್ತು ಉಡಿ, ಒಂದು ಹಡಗು

ಈ ವರ್ಷ ಹೆಂಡತಿ ಮಗಳನ್ನು ಹಡಗಿನಲ್ಲಿ ಕೂರಿಸಿ ಸಮುದ್ರ ತೋರಿಸಿಯೇ ತೀರುತ್ತೇನೆ, ಅದೂ ಎಳ್ಳಷ್ಟು ಎಡವಟ್ಟಾಗದಂತೆ! ಹೀಗೊಂದು ಪ್ರತಿಜ್ಞೆಯನ್ನು ನಾನು ಮಾಡಿದ್ದು ಬೈಲಹೊಂಗಲದ ಬಜಾರದಲ್ಲಿ, ನನ್ನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯ ಗಲ್ಲಾದ ಹಿಂದೆ ಕುಳಿತು. ಅಂದಿನಿಂದ ಎರಡು ತಿಂಗಳು ಫೋನಿನಲ್ಲಿ ಹಡಗಿನ ವಿಡಿಯೋಗಳನ್ನು ಅರೆದು ಕುಡಿದೆ. ಸಮುದ್ರವನ್ನು ಜನ್ಮದಲ್ಲಿ ಕಾಣದವನು ಕಪ್ತಾನನಿಗೇ ದಾರಿ ಹೇಳುವಷ್ಟು ಪಂಡಿತನಾದೆ. ಬಲ್ಬು ಕೊಳ್ಳಲು ಬಂದವರಿಗೆ ಬಾಲ್ಕನಿ ಇರುವ ಕೋಣೆಯ ಗುಣದೋಷ ವಿವರಿಸಿದೆ. ಹೊಸದಾಗಿ ಮದುವೆಯಾದವರನ್ನು ತಡೆದು ನಿಲ್ಲಿಸಿ ಸೂರ್ಯಾಸ್ತ ಯಾವ ಬದಿಯಿಂದ ಕಾಣುತ್ತದೆಂದು ಹೇಳಿದೆ. ಫ್ಯೂಜ್ ವೈರ್ ಕೇಳಿಕೊಂಡು ಬಂದ ಚಚಡಿ ಹಳ್ಳಿಯ ರೈತರೊಬ್ಬರು, ಸಣ್ಣ ಮಕ್ಕಳಿದ್ದವರು ಹಡಗಿನ ಎಷ್ಟನೆಯ ಮಹಡಿಯಲ್ಲಿರಬೇಕು ಎಂಬುದನ್ನು ಅರ್ಧ ತಾಸು ಸೌಜನ್ಯದಿಂದ ಕೇಳಿ, ಎದುರಿನ ಅಂಗಡಿಯಲ್ಲಿ ವೈರ್ ಕೊಂಡು ಹೋದರು.

ನನ್ನ ಜ್ಞಾನವೆಲ್ಲ ಒಂದು ಹಸಿರು ಫೈಲಿನಲ್ಲಿತ್ತು. ಒಟ್ಟು ಇಪ್ಪತ್ತೊಂದು ನಿಯಮ. ಮೊದಲನೆಯದು: ಹಡಗು ಹೊರಡುವ ಹಿಂದಿನ ದಿನವೇ ಬಂದರಿನ ಊರು ಸೇರಿಕೊಳ್ಳಿ, ಏಕೆಂದರೆ ಹಡಗು ನಮ್ಮ ಸವದತ್ತಿ ಬಸ್ಸಿನಂತೆ ಕೈ ಮಾಡಿದಲ್ಲಿ ನಿಲ್ಲುವುದಿಲ್ಲ. ಎರಡನೆಯದು: ಕೆಳಗಿನ ಮಹಡಿಯ ನಟ್ಟನಡುವಿನ ಕೋಣೆ ಹಿಡಿಯಿರಿ, ಅಲ್ಲಿ ತೂಗಾಟ ಕಡಿಮೆ. ಮೂರನೆಯದು: ದೊಡ್ಡ ಬ್ಯಾಗುಗಳನ್ನು ಬಂದರಿನಲ್ಲೇ ಒಪ್ಪಿಸಬೇಕು, ಅವು ಕೋಣೆಗೆ ಬರುವಷ್ಟರಲ್ಲಿ ಸಂಜೆಯಾಗುತ್ತದೆ; ಆದ್ದರಿಂದ ಗುರುತಿನ ಚೀಟಿ, ಗುಳಿಗೆ, ಮಗುವಿನ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಈ ಮೂರನ್ನು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ, ಬರೆದುಕೊಳ್ಳಿ. ಉಳಿದ ಹದಿನೆಂಟರ ಮಾತು ಈಗ ಬೇಡ.

ನನ್ನ ಹೆಂಡತಿ ಶೈಲಜಾ ಫೈಲನ್ನು ತೆರೆದೂ ನೋಡಲಿಲ್ಲ. ಅವಳದು ಒಂದೇ ನಿಯಮ.

“ನಾಕ ದಿನ ನಾ ಒಲಿ ಮುಂದ ನಿಂದ್ರಂಗಿಲ್ಲ. ಅಷ್ಟ ಆದರ ಸಾಕ, ನೀವು ಹಡಗಿನಾಗರ ಕರಕೊಂಡ ಹೋಗ್ರಿ, ತೆಪ್ಪದಾಗರ ಕರಕೊಂಡ ಹೋಗ್ರಿ.”

ಇದರ ಹಿಂದೆ ಎಂಟು ವರ್ಷದ ಇತಿಹಾಸವಿದೆ. ಮದುವೆಯಾದ ಹೊಸತರಲ್ಲಿ ನಾನು ಅವಳನ್ನು ಹನಿಮೂನಿಗೆಂದು ನವಿಲುತೀರ್ಥದ ಡ್ಯಾಮಿಗೆ ಕರೆದುಕೊಂಡು ಹೋದೆ. ಟೆಂಪೋದಲ್ಲಿ ಜಾಗ ಖಾಲಿ ಇದೆಯಲ್ಲ ಎಂದು ಮನೆಯವರೂ ಏರಿದರು. ಹದಿನಾಲ್ಕು ಜನ! ಮುನವಳ್ಳಿಯ ಬೀಗರ ಮನೆಯಲ್ಲಿ ತಂಗಿದೆವು. ಎಲ್ಲರೂ ಡ್ಯಾಮು ನೋಡಲು ಹೋದಾಗ ನನ್ನ ಮದುಮಗಳು ಬಳೆ ಹಿಂದೆ ಸರಿಸಿ ಹದಿನಾಲ್ಕು ಮಂದಿಗೆ ರೊಟ್ಟಿ ಬಡಿದಳು. ಹನಿಮೂನಿನ ಒಂದು ಫೋಟೋ ಇದೆ, ಅದರಲ್ಲಿ ಅವಳ ಮೂಗಿನ ಮೇಲೆ ಹಿಟ್ಟಿದೆ. ಆ ಫೋಟೋ ಕಂಡಾಗೆಲ್ಲ ನನಗೆ ನಾಚಿಕೆಯಾಗುತ್ತದೆ. ಅದಕ್ಕೇ ಈ ಸಲ ನಾವು ಮೂವರೇ: ನಾನು, ಶೈಲಜಾ, ಆರು ವರ್ಷದ ಮಗಳು ಮಹಾನಂದಾ. ಬುತ್ತಿಯೂ ಇಲ್ಲ. ನಮ್ಮ ಕಡೆ ಧಾರವಾಡಕ್ಕೆ ಹೊರಟವರೂ ಇಪ್ಪತ್ತು ರೊಟ್ಟಿ ಕಟ್ಟಿಕೊಳ್ಳುತ್ತಾರೆ. ನಾನು ಒಂದು ಹಪ್ಪಳವನ್ನೂ ಮುಟ್ಟಗೊಡಲಿಲ್ಲ.

ಹೊರಡುವ ದಿನ ಬಂತು. ಬೆಳಗಾವಿಯಲ್ಲಿ ರೈಲು ಹಿಡಿಯಬೇಕು. ಮೊದಲನೆಯ ನಿಯಮದ ಆವೇಶದಲ್ಲಿ ನಾನು ಹೇಳಿದ್ದ ಹೊತ್ತಿಗಿಂತ ಅರ್ಧ ತಾಸು ಮೊದಲೇ ಎಲ್ಲರನ್ನೂ ಹೊರಗೆ ಹಾಕಿ, ಬಾಗಿಲಿಗೆ ಬೀಗ ಜಡಿದು, ಬ್ಯಾಗುಗಳನ್ನು ಬಾಡಿಗೆ ಗಾಡಿಯ ನೆತ್ತಿಗೆ ಹಗ್ಗದಿಂದ ಬಿಗಿದೆ. ಗಂಟು ಹಾಕಿ ತಿರುಗುತ್ತೇನೆ, ಓಣಿಯ ಒಂಬತ್ತು ಹೆಣ್ಣುಮಕ್ಕಳು ಕೈಯಲ್ಲಿ ಮೊರ, ತಾಟು ಹಿಡಿದು ಸಾಲಾಗಿ ಬರುತ್ತಿದ್ದಾರೆ!

ಉಡಿ ತುಂಬಲು ಬಂದಿದ್ದರು. ಮುತ್ತೈದೆ ದೂರ ಹೊರಟರೆ ಅವಳ ಸೆರಗಿನಲ್ಲಿ ಅಕ್ಕಿ, ಬಟ್ಟಲ ಕೊಬ್ಬರಿ, ಉತ್ತತ್ತಿ, ಅಡಿಕೆ, ಅರಿಷಿಣದ ಬೇರು, ಕುಪ್ಪಸದ ಖಣ ಹಾಕಿ ಹರಸುವುದು ನಮ್ಮಲ್ಲಿ ಪದ್ಧತಿ. ಸಾಮಾನ್ಯವಾಗಿ ಇದನ್ನು ಒಬ್ಬಿಬ್ಬರು ಮಾಡುತ್ತಾರೆ. ಆದರೆ ನಾನು ಎರಡು ತಿಂಗಳು ಊರ ತುಂಬ ಸಮುದ್ರ, ಸಮುದ್ರ ಎಂದು ಡಂಗುರ ಹೊಡೆದಿದ್ದೆನಲ್ಲ, ಶೈಲಜಾ ಏಳು ಸಮುದ್ರ ದಾಟುತ್ತಾಳೆಂದೇ ಓಣಿಯ ತಿಳುವಳಿಕೆ. ಎಲ್ಲರಿಗಿಂತ ಮುಂದೆ ಜಟ್ಟೆಪ್ಪಜ್ಜನ ಹೆಂಡತಿ ಸೋಮವ್ವಾಯಿ, ಎಪ್ಪತ್ತೆಂಟು ವರ್ಷದ ಹಿರಿಯ ಮುತ್ತೈದೆ.

“ನಾ ಡ್ಯಾಮಿನ ನೀರ ಬಿಟ್ಟ ದೊಡ್ಡ ನೀರ ಕಂಡಾಕಿ ಅಲ್ಲ ಯವ್ವಾ,” ಎಂದು ಮುದುಕಿ ಅಕ್ಕಿ ಹಾಕಿದರು. “ಕಡಲ ಹೆಂಗಿರತೈತಿ ನೋಡಿ ಬಂದ ನನಗ ಹೇಳು.”

ಒಂಬತ್ತು ಉಡಿ ತುಂಬಿದ ಮೇಲೆ ಶೈಲಜಾ ನಿಲ್ಲಲಾರದೆ ಗಾಡಿಗೆ ಆತುಕೊಂಡಳು. ನಾನು ಕಾಲು ತಾಸು ತಡೆದಿದ್ದರೆ ಇದೆಲ್ಲ ಮನೆಯೊಳಗೆ ದೇವರ ಜಗುಲಿಯ ಮುಂದೆ ನಡೆದು, ಅಕ್ಕಿ ಅಲ್ಲೇ ಉಳಿಯುತ್ತಿತ್ತು. ಈಗ ಬೀಗ ತೆಗೆದು ಒಳಗಿಟ್ಟು ಬರೋಣವೆಂದರೆ, ಹೊಸ್ತಿಲು ದಾಟಿದವರು ಹೊಳ್ಳಿ ಒಳಗೆ ಹೋಗಬಾರದು ಎಂದು ಒಂಬತ್ತೂ ಬಾಯಿ ಒಟ್ಟಿಗೆ ಹೇಳಿದವು. ಉಡಿಯನ್ನು ಒಂದು ಚಾದರದಲ್ಲಿ ಕಟ್ಟಿದೆವು. ಗಂಟು ಮಹಾನಂದಾಳಷ್ಟಾಯಿತು, ಭಾರದಲ್ಲಿ ಅವಳಿಗಿಂತ ಒಂದು ತೂಕ ಹೆಚ್ಚು. ಅದನ್ನು ಹೊತ್ತವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಅಂದೇ ರಾತ್ರಿ ಮುಂಬೈ ಸೇರಿ, ಮರುದಿನ ಮಧ್ಯಾಹ್ನ ಎರಡಕ್ಕೆ ಬಂದರಿನಲ್ಲಿ ಇದ್ದೆವು. ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ, ಎರಡು ತಾಸು ಕೈಯಲ್ಲಿದೆ. ನಾನು ಮೀಸೆ ತಿರುವಿದೆ! ದೊಡ್ಡ ಬ್ಯಾಗುಗಳನ್ನು ಒಪ್ಪಿಸಿದ್ದಾಯಿತು. ಉಡಿಯ ಗಂಟನ್ನು ಮಾತ್ರ ಶೈಲಜಾ ಬಿಡಲಿಲ್ಲ, ಹತ್ತು ಮಂದಿಯ ಚಪ್ಪಲಿ ತುಂಬಿದ ಬ್ಯಾಗುಗಳ ನಡುವೆ ಅದನ್ನು ಒಗೆಯುತ್ತಾರೆಂದು. ಹೀಗಾಗಿ ಗಂಟು ನಮ್ಮೊಂದಿಗೆ ತಪಾಸಣೆಯ ಯಂತ್ರದೊಳಗೆ ಹೋಯಿತು. ಯಂತ್ರ ನಿಂತಿತು.

ಖಾಕಿ ಸೀರೆ ಉಟ್ಟಿದ್ದ ತಪಾಸಣೆಯ ಹೆಂಗಸು, ಅಲ್ಲಿ ಎಲ್ಲರೂ ‘ಬಾಯಿ’ ಎಂದು ಕರೆಯುತ್ತಿದ್ದವರು, ಮೊದಲು ನನ್ನ ಕೈಚೀಲದಿಂದ ಎಕ್ಸ್‌ಟೆನ್ಶನ್ ಬೋರ್ಡನ್ನು ಹೊರಗೆಳೆದರು. ಬೆಂಕಿಯ ಭಯ, ಹಡಗಿನಲ್ಲಿ ಇದಕ್ಕೆ ಪ್ರವೇಶವಿಲ್ಲ ಎಂದರು. ನನ್ನ ಏಳನೆಯ ನಿಯಮವೇ “ಎಕ್ಸ್‌ಟೆನ್ಶನ್ ಬೋರ್ಡ್ ಮರೆಯದೆ ಒಯ್ಯಿರಿ” ಎಂದಿತ್ತು. ಆ ನಿಯಮದ ಆಸರೆಯಲ್ಲಿ ಅಂಗಡಿಯ ಐದು ಬೋರ್ಡುಗಳನ್ನು ಗಿರಾಕಿಗಳ ತಲೆಗೆ ಕಟ್ಟಿದ್ದೆ. ಆಮೇಲೆ ಗಂಟು ಬಿಚ್ಚಿದರು. ಅಕ್ಕಿ, ಕೊಬ್ಬರಿ, ಹೊರಗಿನ ಯಾವ ದಿನಸಿಯೂ ಒಳಗೆ ಬರುವಂತಿಲ್ಲ.

ನಾನು ಗಂಟಲು ಸರಿಪಡಿಸಿಕೊಂಡು ನನ್ನ ಬಜಾರದ ಹಿಂದಿಯಲ್ಲಿ ಇದು ದಿನಸಿಯಲ್ಲ, ಆಶೀರ್ವಾದ ಎಂದು ವಾದ ಹೂಡಿದೆ. ಪಕ್ಕದಲ್ಲಿದ್ದ ಅಧಿಕಾರಿ ಅಷ್ಟೂ ಕೇಳಿ, ಹಡಗಿನಲ್ಲಿ ಹೋಮ ಮಾಡುವ ವಿಚಾರವಿದೆಯೇ ಎಂದು ಕೇಳಿದ. ಛೇ ಛೇ, ಎಂದು ನಾನು ಇನ್ನಷ್ಟು ಬಿಡಿಸಿ ಹೇಳಿದೆ. ಹೇಳಿದಷ್ಟೂ ಅವನಿಗೆ ಅನುಮಾನ ಬಲಿಯಿತು. ಸಾಮಾನು ಇಟ್ಟುಕೊಳ್ಳುವ ಕೋಣೆಯವರು ಇರುವೆ ಬರುತ್ತವೆಂದು ಕೈ ಅಲ್ಲಾಡಿಸಿದರು. ಗಡಿಯಾರ ಮೂರು ದಾಟಿತು.

ಆದರೂ ನಾನು ಎದೆಗುಂದಲಿಲ್ಲ. ಹೊರಗೆ ಪಾರಿವಾಳಗಳಿವೆ, ಪುಣ್ಯ ಬರುತ್ತದೆ ಎಂದೆ. ಶೈಲಜಾ ನನ್ನನ್ನು ನೋಡಿದಳು. ಹಾಗಾದರೆ ಗಂಗೆಗೆ ಅರ್ಪಿಸೋಣ, ಸಮುದ್ರ ಇಲ್ಲೇ ಇದೆ ಎಂದೆ. ಅವಳು ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು ಆ ತಣ್ಣನೆಯ ಫರಸಿಯ ಮೇಲೆ ಕುಳಿತೇಬಿಟ್ಟಳು.

“ನಾಕ ದಿನ ರೊಟ್ಟಿ ಬಡಿಯೂದು ತಪ್ಪತೈತಿ ಅಂತ ಎಂಟ ವರ್ಷ ಕಾದೇನಿ,” ಎಂದಳು, ದನಿ ಎತ್ತದೆ. “ಆದರ ಆ ಮುದುಕಿ ಹಾಕಿದ ಅಕ್ಕಿ ಚೆಲ್ಲಿ ನಾ ಕಡಲ ನೋಡಂಗಿಲ್ಲ. ನೀವು ಕೂಸಿನ್ನ ಕರಕೊಂಡ ಹೋಗಿ ಬರ್ರಿ. ನಾ ಊರಿಗೆ ಹೊಳ್ಳತೇನಿ.”

ಅವಳ ಕಣ್ಣಲ್ಲಿ ನೀರಿತ್ತು. ಗಾಜಿನ ಗೋಡೆಯಾಚೆ ಹಡಗು ಬೆಳ್ಳಗೆ ನಿಂತಿತ್ತು. ಹಸಿರು ಫೈಲನ್ನು ತಿರುವಿ ಹಾಕಿದೆ, ಇಪ್ಪತ್ತೊಂದು ನಿಯಮಗಳಲ್ಲಿ ಉಡಿಯ ಮಾತೇ ಇಲ್ಲ. ನನ್ನ ಬಾಯಿ ಬಡಾಯಿಗೆ ಅವಳು ಎರಡನೆಯ ಸಲ ಬಲಿಯಾಗುತ್ತಿದ್ದಾಳೆ ಎನಿಸಿ ಫೈಲು ಮುಚ್ಚಿದೆ.

ಆಗ ತಪಾಸಣೆಯ ಬಾಯಿ ಬಂದು ಕುಕ್ಕರಗಾಲಲ್ಲಿ ಕುಳಿತು, ಅಕ್ಕಿಯ ನಡುವಿನ ಅರಿಷಿಣದ ಬೇರನ್ನೂ ಖಣವನ್ನೂ ಮುಟ್ಟಿ ನೋಡಿ, ಇದು ಓಟಿಯೇ ಎಂದು ಮರಾಠಿಯಲ್ಲಿ ಕೇಳಿದರು. ನಮ್ಮ ಉಡಿಗೆ ಅವರಲ್ಲಿ ಓಟಿ ಎನ್ನುತ್ತಾರಂತೆ. ಬೆಳಗಾವಿಯ ಸೀಮೆಯವಳಿಗೆ ಮರಾಠಿ ಕಲಿಸಬೇಕೇ? ಶೈಲಜಾ ಒಂಬತ್ತು ಮನೆಯ ಕಥೆಯನ್ನೂ, ಸೋಮವ್ವಾಯಿಯ ಕಡಲಿನ ಆಸೆಯನ್ನೂ ಹೇಳಿದಳು. ನಾನು ಒಂದು ತಾಸು ಕೂಗಿ ಆಗದ್ದು ಎರಡು ನಿಮಿಷದಲ್ಲಿ ಆಯಿತು. ನಿಯಮ ಮುರಿಯಲು ತನ್ನಿಂದಾಗದು ಎಂದು ಆ ಬಾಯಿ ಹೇಳಿದರು, ಆದರೆ ಹೇಳುವಾಗ ಅವರ ಮುಖವೂ ಸಣ್ಣಗಾಗಿತ್ತು.

ಶೈಲಜಾ ಅವರ ಕೈಯ ಹಸಿರು ಬಳೆಗಳನ್ನೇ ನೋಡಿದಳು. ನಂತರ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. “ಉಡಿ ಚೆಲ್ಲಬಾರದು ನೋಡ್ರಿ. ಇನ್ನೊಬ್ಬ ಮುತ್ತೈದಿಗೆ ತುಂಬಿದರ ಕಡಿಮಿ ಆಗಂಗಿಲ್ಲ,” ಎಂದು ನನಗೆ ಹೇಳಿ, ಅದನ್ನೇ ಮರಾಠಿಯಲ್ಲಿ ಅವರಿಗೂ ಹೇಳಿದಳು.

ಹಡಗಿನ ಬಾಗಿಲಲ್ಲಿ ಅಂಥ ಸಮಾರಂಭ ಹಿಂದೆ ನಡೆದಿರಲಾರದು! ಆ ಬಾಯಿಯ ಪಾಳಿ ಮುಗಿಯುತ್ತ ಬಂದಿತ್ತು. ಅವರು ಪಕ್ಕಕ್ಕೆ ಬಂದು ಸೆರಗೊಡ್ಡಿ ನಿಂತರು. ನೆಲ ಒರೆಸುವ ಹೆಂಗಸರು, ಚೀಟಿ ನೋಡುವ ಹುಡುಗಿ, ಹೊರಗೆ ಹೂವು ಮಾರುವವರು ಸುದ್ದಿ ತಿಳಿದು ಸಾಲು ಹಚ್ಚಿದರು, ಆ ಬಾಯಿ ಸೇರಿ ಸರಿಯಾಗಿ ಒಂಬತ್ತು ಜನ. ಮಹಾನಂದಾ ಒಬ್ಬೊಬ್ಬರಿಗೆ ಒಂದೊಂದು ಖಣ ಎತ್ತಿಕೊಟ್ಟಳು. ನಾನು ಕೊಬ್ಬರಿ ಬಟ್ಟಲು ಹಿಡಿದು ನಿಂತೆ. ಆ ಹೊತ್ತಿನಲ್ಲಿ ನನಗೆ ಒಪ್ಪಿಸಬಹುದಾದ ಕೆಲಸ ಅದೊಂದೇ ಆಗಿತ್ತು. ಸೋಮವ್ವಾಯಿಯ ಪಾಲಿನ ಒಂದು ಹಿಡಿ ಅಕ್ಕಿಯನ್ನು ಶೈಲಜಾ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆ ಬಾಯಿ ಗಂಟನ್ನು ಮುಟ್ಟಿ ನೋಡಿ, ಒಂದು ಹಿಡಿಯಿಂದ ಹಡಗು ಮುಳುಗದು ಎಂದು ಅಧಿಕಾರಿಗೆ ತಾವೇ ಹೇಳಿದರು. ಅವನೂ ನಕ್ಕು ತಲೆಯಾಡಿಸಿದ. ನಾಲ್ಕಕ್ಕೆ ಐದು ನಿಮಿಷವಿರುವಾಗ ನಾವು ಒಳಗಿದ್ದೆವು.

ಆಮೇಲಿನ ನಾಲ್ಕು ದಿನದ ಬಗ್ಗೆ ದಂಪತಿಗಳಿಗೆ ಉಪಯುಕ್ತ ಮಾಹಿತಿ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. “ಹೊಟ್ಟೆ ತೊಳಸುವುದು ಮನಸ್ಸಿನ ಭ್ರಮೆ” ಎಂಬುದು ನನ್ನ ಹದಿಮೂರನೆಯ ನಿಯಮ. ನಟ್ಟನಡುವಿನ, ತೂಗಾಟವೇ ಇಲ್ಲದ ಕೋಣೆಯಲ್ಲಿ ನಾನು ನಿಂಬೆಹಣ್ಣು ಮೂಸುತ್ತ ಆ ಭ್ರಮೆಯನ್ನು ಮೂರು ದಿನ ಬಕೀಟಿಗೆ ಒಪ್ಪಿಸಿದೆ. ಮಹಾನಂದಾ ಮಕ್ಕಳ ಕೋಣೆಯಲ್ಲಿ ಆಟಕ್ಕೆ ಹೋದರೆ ಊಟಕ್ಕೂ ಬರಲೊಲ್ಲಳು. ಶೈಲಜಾ ಯಾರೋ ಬೇಯಿಸಿದ್ದನ್ನು ಕುಳಿತಲ್ಲಿ ತಿಂದಳು, ತಿಂದ ತಟ್ಟೆಯನ್ನು ಅಲ್ಲೇ ಬಿಟ್ಟಳು, ಕಟಕಟೆಗೆ ಒರಗಿ ಸಮುದ್ರ ನೋಡಿದಳು. ನಾಲ್ಕನೆಯ ದಿನ ಎದ್ದು ಹೋಗಿ ಅವಳ ಪಕ್ಕ ನಿಂತೆ. ಅವಳು ಸೆರಗಿನ ಗಂಟು ಬಿಚ್ಚಿ ಅಂಗೈಯಲ್ಲಿ ಅಕ್ಕಿ ಹಿಡಿದು ನೀರಿಗೆ ತೋರಿಸುತ್ತಿದ್ದಳು. ಎಂಟು ವರ್ಷದಲ್ಲಿ ಅವಳ ಮುಖ ಅಷ್ಟು ಹಗುರಾಗಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಕಣ್ಣು ತುಂಬಿತು. ಆಮೇಲೆ ಹೊಟ್ಟೆ ಮತ್ತೆ ತೊಳಸಿತು, ಓಡಿದೆ.

ಐದನೆಯ ದಿನ ಮರಳಿ ಮುಂಬೈಯಲ್ಲಿ ಇಳಿದಾಗ ಬೆಳಗಿನ ಏಳು. ಬಾಗಿಲಲ್ಲಿ ಅದೇ ತಪಾಸಣೆಯ ಬಾಯಿ, ಪಕ್ಕದಲ್ಲಿ ಒಂದು ಚೀಲ! ಓಟಿ ತುಂಬಿಸಿಕೊಂಡು ತವರಿನವಳಂಥವಳನ್ನು ಬರಿ ಸೆರಗಿನಲ್ಲಿ ಕಳಿಸುವ ಪದ್ಧತಿ ತಮ್ಮಲ್ಲಿಲ್ಲವಂತೆ. ಒಂಬತ್ತೂ ಜನರ ಪರವಾಗಿ ಅವರು ಶೈಲಜಾಳ ಉಡಿ ತುಂಬಿದರು. ಗಂಟು ಹೋಗುವಾಗಿನದಕ್ಕಿಂತ ದೊಡ್ಡದಾಯಿತು, ನಾನು ಹೊರಲು ಸಿದ್ಧನಾಗಿ ಬಗ್ಗಿದೆ.

ಊರು ಮುಟ್ಟಿದ ಮರುದಿನವೇ ಉಡಿಯಕ್ಕಿಯ ಹುಗ್ಗಿ ಮಾಡಿ ಒಂಬತ್ತೂ ಮನೆಯವರಿಗೆ ಬಡಿಸಬೇಕು. ನಾನು ಪಡಸಾಲೆಯಲ್ಲಿ ಕಾಲು ಚಾಚಿ, ಹುಗ್ಗಿ ಎಷ್ಟು ಹೊತ್ತಿಗೆ ಸಿದ್ಧವಾಗುತ್ತದೆ ಎಂದು ಕೇಳಿದೆ. ಶೈಲಜಾ ತೂಗುಮಂಚದಿಂದ ಏಳಲಿಲ್ಲ.

“ಹಡಗ ಏರಿದ್ದು ಸಂಜಿಮುಂದ, ಇಳಿದದ್ದು ಮುಂಜಾನೆ,” ಎಂದಳು. “ನಾ ಹೇಳಿದ ನಾಕ ದಿನದಾಗ ಅರ್ಧಾ ದಿನ ಬಾಕಿ ಐತಿ. ಅದನ್ನ ಇವತ್ತ ತಗೋತೇನಿ. ಉಪ್ಪ ಒಂದ ಚಿಟಿಗಿ ಅಷ್ಟ ಹಾಕ್ರಿ, ಬೆಲ್ಲದ ರುಚಿ ಏಳತೈತಿ.”

ಸಮುದ್ರಯಾನ ಮಾಡಿ ಬಂದವನಿಗೆ ಹುಗ್ಗಿ ಯಾವ ಲೆಕ್ಕ! ಸೊಂಟಕ್ಕೆ ಪಂಚೆ ಬಿಗಿದೆ. ದೊಡ್ಡ ಹಂಡೆಯಲ್ಲಿ ಅಕ್ಕಿ ಕುದಿಯಿತು, ಬೆಲ್ಲ ಕರಗಿತು. ಆದರೆ ಒಂದು ಚಿಟಿಕೆ ಉಪ್ಪು ಮೂವರ ಮನೆಗಾಯಿತು. ಒಂಬತ್ತು ಉಡಿಯ ಅಕ್ಕಿಗೆ? ನಾನು ವಿಚಾರ ಮಾಡುವ ಮನುಷ್ಯ. ಒಂದೊಂದು ಉಡಿಗೆ ಒಂದೊಂದು ಹಿಡಿಯಂತೆ ಒಂಬತ್ತು ಹಿಡಿ ಹಾಕಿದೆ. ಮಾಡಿದವನು ಮೊದಲು ರುಚಿ ನೋಡಬಾರದು, ಎಂಜಲಾಗುತ್ತದೆ ಎಂದು ಶಾಸ್ತ್ರವನ್ನೂ ಪಾಲಿಸಿದೆ.

ಒಂಬತ್ತು ಜನ ಬಂದು ಸಾಲಾಗಿ ಕುಳಿತರು. ಶೈಲಜಾ ಸೆರಗಿನ ಗಂಟು ಬಿಚ್ಚಿ ಅಕ್ಕಿಯನ್ನು ಸೋಮವ್ವಾಯಿಯ ಅಂಗೈಗೆ ಹಾಕಿ, ನಿಮ್ಮ ಅಕ್ಕಿ ಕಡಲು ನೋಡಿ ಬಂತು ಎಂದಳು. ಮುದುಕಿ ಅದನ್ನು ಕಣ್ಣಿಗೊತ್ತಿಕೊಂಡರು. ಅಷ್ಟು ನೀರಿದ್ದರೆ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ತ್ರಾಸಿಲ್ಲವಲ್ಲ ಎಂದು ಕೇಳಿದರು.

“ಬಾಯಾಗ ಇಡಾಕ ಆಗಂಗಿಲ್ಲ ಆಯಿ. ಅಷ್ಟ ಉಪ್ಪ ಇರತೈತಿ.”

ಸೋಮವ್ವಾಯಿ ನಂಬಲಿಲ್ಲ. “ಅಷ್ಟ ನೀರಿಗೆ ಅಷ್ಟ ಉಪ್ಪ ಯಾರ ಹಾಕ್ಯಾರ?” ಎಂದು ಉಳಿದವರನ್ನೂ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

ನಾನು ಗತ್ತಿನಿಂದ ಬಡಿಸಿದೆ, ಮೇಲೆ ತುಪ್ಪ ಸುರಿದೆ. ಹಿರಿಯರು ಮೊದಲು ಎಂದು ಎಲ್ಲರೂ ಸೋಮವ್ವಾಯಿಯತ್ತ ನೋಡಿದರು. ಮುದುಕಿ ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು ನನ್ನನ್ನೇ ನೋಡಿದರು.

“ಗೊತ್ತಾತ ಬಿಡ ಶೈಲಾ,” ಎಂದರು. “ಕಡಲಿಗೆ ಉಪ್ಪ ಹಾಕಿದಾವ ನಿನ್ನ ಗಂಡನ.”