ಗಿರಣಿಗೊಂದು ಕೈಪಿಡಿ

ನಮ್ಮ ಆಫೀಸಿಗೆ ಎಐ ಬಂದ ಮೇಲೆ ಕೆಲಸ ಕಡಿಮೆಯಾಯಿತೋ ಇಲ್ಲವೋ, ನಗುವುದಕ್ಕಂತೂ ಬರವಿಲ್ಲ. ಮರಾಠಿ ಸೀಮೆಯ ನಿಗಡಿಯಲ್ಲಿ ನಮ್ಮ ಕಂಪನಿ. ಮನೆಯಲ್ಲೇ ಹಿಟ್ಟು ಬೀಸುವ ಪುಟ್ಟ ಗಿರಣಿ ಮಾಡುತ್ತೇವೆ. ಅದರ ಜೊತೆ ಕೊಡುವ ಕೈಪಿಡಿ ಬರೆಯುವವಳು ನಾನು. ಕಾಂಟ್ರ್ಯಾಕ್ಟ್ ಕೆಲಸ. "ಹೊಸ ಮಾಡೆಲ್ಲಿನ ಮರಾಠಿ ಕೈಪಿಡಿಯನ್ನು ಎಐ ಜೊತೆ ಸೇರಿ ಬರೆಯಿರಿ. ಚೆನ್ನಾಗಿ ಬಂದರೆ ನಿಮ್ಮನ್ನು ಕಾಯಂ ಮಾಡೋಣ," ಎಂದರು ಸಾಹೇಬರು. ವರ್ಷಕ್ಕೊಮ್ಮೆ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂದು ಹೆದರಿ ಹೆದರಿ ನನಗೂ ಸಾಕಾಗಿತ್ತು.

೧. ಮರ್ಯಾದೆ

ಗಿರಣಿಯ ವಿವರಗಳನ್ನು ಎಐಗೆ ಒಪ್ಪಿಸುವವರು ಬಾಗಲಕೋಟೆ ಕಡೆಯ ನಮ್ಮ ಹಿರಿಯ ಇಂಜಿನಿಯರು. "ನಮಸ್ಕಾರ್ರಿ, ತಮಗ ಪುರಸೊತ್ತಿದ್ರ ಇದನ್ನ ಸ್ವಲ್ಪ ನೋಡ್ರಿ" ಎಂದೇ ಟೈಪು ಮಾಡುತ್ತಿದ್ದರು.

"ಅದು ಮಶೀನ್ ಅದರಿ ಸರ, ಸೀದಾ ಕೆಲಸ ಹೇಳ್ರಿ," ಎಂದೆ.

"ಗೊತ್ತದ ತಂಗಿ. ಆದ್ರ ಏಕವಚನ ಬಾಯಾಗ ಬರೂದಿಲ್ಲ."

ಒಮ್ಮೆ ಅದು ಮೋಟರಿನ ವಿವರವನ್ನೇ ತಪ್ಪು ಬರೆಯಿತು. ಇವರು ತಿದ್ದದೆ ಸುಮ್ಮನೆ ಕೂತಿದ್ದರು. ಯಾಕೆಂದು ಕೇಳಿದೆ.

"ಪಾಪ, ಈಗಷ್ಟ ಇಷ್ಟುದ್ದ ಬರದಾರ. ಲಗೂನ ತಪ್ಪಂದ್ರ ಮನಸಿಗೆ ಹಚ್ಕೋತಾರ. ಚಾ ಕುಡದು ಬಂದು ಹೇಳೂಣು."

೨. ಎಚ್ಚರಿಕೆ

ಸುರಕ್ಷತೆಯ ಸೂಚನೆ ಸೇರಿಸು ಎಂದದ್ದೇ ತಡ, ಎಐ ಪುಟಗಟ್ಟಲೆ ಬರೆಯಿತು. ಬಿಚ್ಚಿದ ಕೂದಲು ಬೇಡ, ಒದ್ದೆ ಕೈ ಬೇಡ, ಈಜುಕೊಳದ ಪಕ್ಕ ಬೀಸಬೇಡಿ. ಸಾಹೇಬರು ಪೂರ್ತಿ ಓದಿ, ಕುರ್ಚಿಯನ್ನು ಹಿಂದಕ್ಕೆ ಸರಿಸಿ ಮೆಲ್ಲಗೆ ಕೇಳಿದರು: "ಇಷ್ಟು ಅಪಾಯದ ವಸ್ತು ನಾವೇ ಮಾಡ್ತೀವಾ?"

೩. ನಿಂಬೆಹಣ್ಣು

ಕೊನೆಗೆ ಸಾಹೇಬರು ಪರೀಕ್ಷೆ ಇಟ್ಟರು. ಅವರ ತಾಯಿ, ನಮಗೆಲ್ಲ 'ಆಜಿ' ಎಂದರೆ ಅಜ್ಜಿ, ಕೈಪಿಡಿ ಓದಿಕೊಂಡು, ಯಾರನ್ನೂ ಕೇಳದೆ ಜೋಳ ಬೀಸಿದರೆ ನಾನು ಪಾಸು. ಇಂಜಿನಿಯರೂ ನಾನೂ ಅವರ ಮನೆಗೆ ಹೋದೆವು.

ಮೊದಲ ಸಾಲು "ಪ್ಲಗ್ ಹಾಕಿ, ಸ್ವಿಚ್ ಒತ್ತಿ" ಎಂದಿತ್ತು. ಆಜಿ ಅಷ್ಟು ಓದಿ ಪುಸ್ತಕ ಮುಚ್ಚಿದರು. "ಪೂಜೆ ಇಲ್ಲದೆಯಾ?" ಎಂದವರೇ ಸ್ವಿಚ್ಚುಗಳಿಗೆಲ್ಲ ಕುಂಕುಮ ಹಚ್ಚಿದರು. ಹೊಸ ಕಾರಿಗೆ ಇಡುವಂತೆ ಗಿರಣಿಯ ಅಡಿಯ ನಾಲ್ಕೂ ಪುಟ್ಟ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟು, ಮಗನಿಗೆ "ತಳ್ಳು" ಎಂದರು. ಸಾಹೇಬರು ತಳ್ಳಿದರು. ಒಂದು ಹಣ್ಣು ಚಕ್ರಕ್ಕೆ ಸಿಕ್ಕಿ ಗಿರಣಿ ವಾಲಿತು. ಸ್ವಿಚ್ ಒತ್ತಿದರೂ ಶುರುವಾಗಲಿಲ್ಲ. ವಾಲಿದರೆ ಶುರುವಾಗದಂತೆ ಮಾಡಿಟ್ಟವರು ನಮ್ಮ ಇಂಜಿನಿಯರೇ. ನನ್ನ ಕೆಲಸ ಹೋಯಿತು ಅಂದುಕೊಂಡೆ. ಅಳುವೇ ಬಂತು.

ಫೋನಿನಲ್ಲಿ ಎಐಯನ್ನು ಕೇಳಿದೆ. "ಚಕ್ರದಡಿಗೆ ನಿಂಬೆಹಣ್ಣು ಉರುಳಿ ಬಂದಿದ್ದರೆ ನೆಲ ಸಮತಟ್ಟಾಗಿದೆಯೇ ನೋಡಿ," ಎಂದಿತು. ಆಮೇಲೆ ಪದ್ಧತಿಯನ್ನೆಲ್ಲ ಬಿಡಿಸಿ ಹೇಳಿದೆ. ಪಾಪ, ಅದು ಶ್ರದ್ಧೆಯಿಂದ ಹೊಸ ಮೊದಲ ಸಾಲು ಬರೆದುಕೊಟ್ಟಿತು: "ಕುಂಕುಮವನ್ನು ಮುಚ್ಚಳಕ್ಕೆ ಮಾತ್ರ ಹಚ್ಚಿ. ಚಿಕ್ಕ ನಿಂಬೆಹಣ್ಣು ಬಳಸಿ. ಚಕ್ರ ಒರೆಸಿ, ನಂತರ ಪ್ಲಗ್ ಹಾಕಿ."

ಆಜಿ ಓದಿ, "ಈಗ ಸರಿ," ಎಂದರು. ಹಾಗೆಯೇ ಮಾಡಿದರು. ಹಿಟ್ಟು ನುಣ್ಣಗೆ ಬಂತು.

"ಹಾಗಾದರೆ ಇವರನ್ನು ಕಾಯಂ ಮಾಡಲಾ ಆಯಿ?" ಎಂದರು ಸಾಹೇಬರು.

"ಮಾಡು. ಕಾಯಂ ಕೆಲಸವೂ ಹೊಸದೇ ಅಲ್ಲವಾ?" ಎಂದು ಆಜಿ ನನ್ನ ಹಣೆಗೆ ಕುಂಕುಮ ಇಟ್ಟರು. ಬಗ್ಗಿ, ನನ್ನ ಎರಡೂ ಪಾದದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು. ಸಾಹೇಬರು ಅಭ್ಯಾಸಬಲದಿಂದ ನನ್ನ ಬೆನ್ನ ಹಿಂದೆ ಬಂದು ನಿಂತರು.

"ತಂಗಿ," ಎಂದರು ಇಂಜಿನಿಯರು, "ನೀನ ನಡದು ಬಂದುಬಿಡು. ಸಾಹೇಬ್ರು ತಳ್ಳೂದು ಬ್ಯಾಡ."